ಮಿರಜದ ಗೋದಾಮಿನಲ್ಲಿ ಕಾಣೆಯಾದ ಕೆಲಸಗಳು

ತೆಂಗಿನಕಾಯಿ ಒಡೆದ ವಾಸನೆ ಬಂದರೆ ಮಂದಿಗೆ ದೇವರು ನೆನಪಾಗುತ್ತಾನೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಬಹಳ ದಿನಗಳ ಮೇಲೆ ಮಿರಜದ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಹೋಗಿದ್ದೆ. ಈಗ ನಾನು ಅದರ ಸಾಂಗ್ಲಿ ಶಾಖೆಯಲ್ಲಿದ್ದೇನೆ. ಬಾಗಿಲು ತೆರೆದದ್ದೇ ತಡ, ಎಸಿಯ ತಣ್ಣನೆಯ ಗಾಳಿಯ ಜೊತೆಗೆ ಕಾಯಿ, ಕರ್ಪೂರ, ಮಷಿನ್ ಎಣ್ಣೆ ಎಲ್ಲ ಕೂಡಿದ ಹಳೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಪ್ರೀತಿಯಿಂದ ಒಂದು ತುಂಡು ಕೊಬ್ಬರಿ ಕೈಗಿಟ್ಟರು. ತಿನ್ನಲಾಗಲಿಲ್ಲ. ಅವರು ಆಚೆ ತಿರುಗಿದಾಗ ಮೇಜಿನ ಮೇಲಿಟ್ಟು ಬಂದೆ.

ಅದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ನಾನು ಸಾಂಗ್ಲಿವಾಡಿಯವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಸದಿಯಲ್ಲಿ ಎರಡೂ. ದಿನಾ ಬೆಳಿಗ್ಗೆ ಕೃಷ್ಣೆಯ ಸೇತುವೆ ದಾಟಿ ಸಾಂಗ್ಲಿಗೆ ಬಂದು ಅಲ್ಲಿಂದ ಮಿರಜದ ಬಸ್ಸು ಹಿಡಿಯುತ್ತಿದ್ದೆ. ಆಸ್ಪತ್ರೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕಂಪ್ಯೂಟರ್ ಕಲಿತವಳು ಎಂಬುದಕ್ಕಿಂತ ಕನ್ನಡ ಬರುತ್ತದೆ ಎಂಬ ಕಾರಣಕ್ಕೇ ಇರಬೇಕು. ಅಲ್ಲಿಗೆ ಬರುವ ರೋಗಿಗಳಲ್ಲಿ ಅರ್ಧಕ್ಕರ್ಧ ಕುಡಚಿ, ರಾಯಬಾಗ, ಅಥಣಿ ಕಡೆಯವರು. ರೈಲು ಇಳಿದು, ಗಂಟು ತಲೆಯ ಮೇಲಿಟ್ಟುಕೊಂಡು, ನೇರ ಆಸ್ಪತ್ರೆಯ ಗೇಟಿಗೇ ಬಂದು ನಿಲ್ಲುವ ಮಂದಿ.

ಆಸ್ಪತ್ರೆಯ ಲ್ಯಾಬು, ಔಷಧ ಅಂಗಡಿ, ಚೀಟಿ ಮಾಡಿಸುವ ಕೌಂಟರು, ಇವೆಲ್ಲದರ ಮಾಹಿತಿ ಪ್ರತಿದಿನ ತಾನಾಗಿ ಒಂದು ಕಡೆ ಬಂದು ಕೂಡುವ ಏರ್ಪಾಡನ್ನು ಪುಣೆಯ ಒಂದು ಕಂಪನಿ ಮಾಡಿಕೊಟ್ಟಿತ್ತು. ಅದರ ಹೆಸರು ಡೇಟಾ ವೇರ್‌ಹೌಸ್. ಸಾಂಗ್ಲಿಯ ಅರಿಶಿನ ಪೇಟೆ ನೋಡಿ ಬೆಳೆದ ಮಂದಿ ನಾವು, ನಮ್ಮ ಬಾಯಲ್ಲಿ ಮೊದಲ ದಿನದಿಂದಲೇ ಅದು ಗೋದಾಮು. ಈ ಗೋದಾಮಿಗೆ ಮಾಲು ಹೊರುವ ಹಮಾಲರೆಂದರೆ ಜಾಬ್‌ಗಳು. ಪರದೆಯ ಹಿಂದೆ, ಯಾರೂ ಕರೆಯದೆ, ಗೊತ್ತುಮಾಡಿದ ಹೊತ್ತಿಗೆ ತಾವೇ ಎದ್ದು ಕೆಲಸ ಮಾಡಿ ಮತ್ತೆ ಮರುದಿನದ ಸರದಿಗೆ ಕಾಯುತ್ತ ಕೂಡುವ ಸಣ್ಣ ಸಣ್ಣ ಕಾರ್ಯಕ್ರಮಗಳು. ಜಾಬ್ ಒಂದು ಎಡವಿ ಬಿದ್ದರೆ ಪರದೆಯ ಮೇಲೆ ಅದರ ಸಾಲು ಕೆಂಪಾಗುತ್ತದೆ, ಸರಿಯಾಗಿ ಮುಗಿಸಿದರೆ ಹಸಿರು. ದಿನಾ ಮುಂಜಾನೆ ಕೆಂಪು ಸಾಲು ಹುಡುಕುವುದು ನನ್ನ ಕೆಲಸ.

ಅವುಗಳಲ್ಲಿ ಒಂದು ಜಾಬ್ ನನ್ನದೇ ಕೂಸು. ಹೃದಯದ ಕವಾಟ ಕೆಟ್ಟು, ಅದರ ಜಾಗದಲ್ಲಿ ಲೋಹದ ಕವಾಟ ಹಾಕಿಸಿಕೊಂಡ ರೋಗಿಗಳು ಜೀವವಿರುವ ತನಕ ರಕ್ತ ತೆಳುವಾಗಿಸುವ ಗುಳಿಗೆ ತಿನ್ನಬೇಕು. ತಿಂಗಳಿಗೊಮ್ಮೆ ರಕ್ತ ತೋರಿಸಿ ಗುಳಿಗೆಯನ್ನು ಹೆಚ್ಚು ಕಡಿಮೆ ಮಾಡಿಸಬೇಕು. ಹೆಚ್ಚಾದರೆ ರಕ್ತ ಸೋರುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟಿ ತಲೆಗೆ ಏರುತ್ತದೆ. ಯಾರು ಯಾವ ದಿನ ಬರಬೇಕು ಎಂದು ಗೋದಾಮಿನಿಂದ ಹೆಕ್ಕಿ ಅವರವರ ಫೋನಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಮೆಸೇಜ್ ಕಳಿಸುವ ಜಾಬ್ ಅದು. ಕನ್ನಡದ ಸಾಲುಗಳನ್ನು ಬರೆದವಳು ನಾನೇ. ಆಸ್ಪತ್ರೆಯ ಆಡಳಿತ ನೋಡುವ ಸಾಹೇಬರು ಅದನ್ನು ನೋಡಿ ಬಹಳ ಖುಷಿಪಟ್ಟು ಒಂದು ಹುಕುಂ ಹೊರಡಿಸಿದರು: ಇನ್ನು ಮೇಲೆ ಗದ್ದಲ ಬೇಡ, ಮೆಸೇಜ್ ಬಂದವರನ್ನು ಮಾತ್ರ ಒಳಗೆ ಬಿಡಿ.

ಶ್ರಾವಣ ಹಿಡಿದ ಹೊಸದರಲ್ಲಿ, ಜಿಟಿಜಿಟಿ ಮಳೆಯಲ್ಲಿ ನಾನು ಬಸ್ಸಿಳಿದು ಬರುತ್ತಿದ್ದಾಗ ಗೇಟಿನಲ್ಲಿ ಜಗಳ ನಡೆದಿತ್ತು. ವಾಚ್‌ಮನ್ ಕೋಲು ಅಡ್ಡ ಹಿಡಿದು, "ಮೆಸೇಜ್ ದಾಖವ್, ಮಗ್ ಆತ್ ಜಾ" ಎನ್ನುತ್ತಿದ್ದ, ಮೆಸೇಜ್ ತೋರಿಸು, ಆಮೇಲೆ ಒಳಗೆ ಹೋಗು ಎಂದು. ಅವನೆದುರು ಒಂದು ತೆಳ್ಳನೆಯ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

"ಮೆಸೇಜ್ ಯಾಕ ಬಂದಿಲ್ಲಂತ ಕೇಳಾಕನ ಬಂದೇವಿ! ಬರಲಾರದ ಮೆಸೇಜ್ ಎಲ್ಲಿಂದ ತೋರಸಲಿ? ಮನ್ಯಾಗ ಕುದಿಸಿ ತರಲೇನು?"

ಅವಳು ರೇಣುಕಾ. ಕುಡಚಿ ಕಡೆಯ ಹಳ್ಳಿಯವಳು, ಕಾಲೇಜಿನ ಮೆಟ್ಟಿಲು ಹತ್ತಿ ಒಂದು ವರ್ಷವೂ ಆಗಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ನಮ್ಮಲ್ಲೇ ಅವಳ ಕವಾಟ ಬದಲಿಸಿದ್ದರು. ಪಕ್ಕದಲ್ಲಿ ಕೈಚೀಲ ಅವುಚಿ ನಿಂತವಳು ಅವಳ ತಾಯಿ ಶಾಂತವ್ವ. ಮಂದಿಯ ಹೊಲದಲ್ಲಿ ಕಬ್ಬು ಕಡಿಯುವ ಕೂಲಿ. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಶಾಂತವ್ವ ನನ್ನ ಕೈ ಹಿಡಿದುಕೊಂಡಳು. "ನೋಡ್ರಿ ಅಕ್ಕಾರ, ಪ್ರತಿ ತಿಂಗಳಾ ಬರತಿತ್ತು, ಈ ಸಲ ಬಂದಿಲ್ಲ. ಹುಡಿಗಿಗಿ ಎದಿ ಒಂಥರಾ ಆಗಾಕತ್ತೈತಿ."

ಒಳಗೆ ಕರೆದುಕೊಂಡು ಹೋದೆ. ರಕ್ತ ಗಟ್ಟಿಯಾಗುವ ಹಾದಿಯಲ್ಲಿತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿ, "ಸುದೈವ, ಬಂದಳು" ಎಂದರು. ಕಾಯುತ್ತ ಕೂತಾಗ ರೇಣುಕಾ ನನ್ನನ್ನು ಹತ್ತಿರ ಕರೆದು, "ಕಿವಿ ಹಚ್ಚಿ ಕೇಳ್ರಿ ಅಕ್ಕಾ, ನನ್ನ ಎದ್ಯಾಗ ಗಡಿಯಾರ ಐತಿ. ಚಾವಿ ಕೊಡೂದ ಬ್ಯಾಡ" ಎಂದಳು. ನಿಜಕ್ಕೂ ಟಿಕ್ ಟಿಕ್ ಎಂದು ಕೇಳುತ್ತಿತ್ತು. ಆಮೇಲೆ ನನ್ನ ಮಾತಿಗೆ ನಕ್ಕಳು. "ನೀವು ಮಾತಾಡೂದು ಕನ್ನಡ ಏನ್ರಿ? ಅರ್ಧಾ ಮರಾಠಿ ಐತಿ. ನಮ್ಮೂರಿಗಿ ಬರ್ರಿ, ಒಂದ ವಾರದಾಗ ತಿದ್ದತೇನಿ." ತಾಯಿ ಅವಳ ತೊಡೆಗೆ ಚಿವುಟಿದಳು. "ಬಾಯಿ ಮುಚ್ಚ, ಬಾಯಿಬಡಕಿ." ಹೋಗುವಾಗ ನಾನು ಶಾಂತವ್ವನಿಗೆ ಧೈರ್ಯ ಹೇಳಿದೆ. "ಮುಂದಿನ ಸಲ ಮೆಸೇಜ್ ಬಂದ ಬರ್ತದ ಮಾವಶಿ. ಬಂದ ಮ್ಯಾಲೆ ಬರ್ರಿ, ಗೇಟಿನ್ಯಾಗ ಯಾರೂ ತಡಿಯೂದಿಲ್ಲ."

ಮೇಲೆ ಬಂದು ನೋಡುತ್ತೇನೆ, ನನ್ನ ಜಾಬ್ ಇಲ್ಲ! ಕೆಂಪಾಗಿಲ್ಲ, ಹಸಿರಾಗಿಲ್ಲ, ಸಾಲೇ ಇಲ್ಲ. ಅದರ ಜೊತೆ ಇನ್ನೂ ಹಲವು ಹೋಗಿದ್ದವು. ನಾನು ದಿನಾ ಕೆಂಪು ಹುಡುಕಿ, ಕಾಣದೆ, ಎಲ್ಲ ಸರಿಯಿದೆ ಎಂದು ಚಹಾ ಕುಡಿಯುತ್ತಿದ್ದೆ. ಹಮಾಲ ಚೀಲ ಕೆಡವಿದರೆ ಸದ್ದಾಗುತ್ತದೆ, ಬರದೇ ಹೋದರೆ ಏನು ಸದ್ದು? ಯಾರು ಅಳಿಸಿದರು ಎಂದು ಲಾಗ್ ತೆಗೆದರೆ ಅಲ್ಲಿ 'ಅಡ್ಮಿನ್' ಎಂದಿತ್ತು. ನಮ್ಮ ವಿಭಾಗದಲ್ಲಿ ಎಲ್ಲರೂ ಅಡ್ಮಿನ್ನೇ. ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಅದನ್ನೂ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದರು. ದಸರೆಯ ಪೂಜೆಯಲ್ಲಿ ಆ ಚೀಟಿಗೂ ಕುಂಕುಮ ಬಿದ್ದಿತ್ತು. ಒಬ್ಬೊಬ್ಬರನ್ನೇ ಕೇಳಿದೆ, ನೀವು ಜಾಬ್ ಏನಾದರೂ ತೆಗೆದಿರಾ ಎಂದು. ಜಾಬ್ ತೆಗೆಯುವುದೆಂದರೆ ಏನು ಎಂದು ಅವರೇ ನನ್ನನ್ನು ಕೇಳಿದರು.

ಪುಣೆಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗ ನಿಮ್ಮ ಕಡೆಯವರೇ ಅಳಿಸಿದ್ದಾರೆ ಎಂದ. ಸಾಹೇಬರಿಗೆ ಹೇಳಿದರೆ ಅವರು ಕಿಟಕಿಯಾಚೆ ನೋಡಿ, "ಮಳೀಗಿ ಕರೆಂಟ್ ಹೋಗಿ ಬಂದು ಮಾಡಾಕತ್ತೈತಿ, ಅದರಿಂದ ಆಗಿರಬೇಕು" ಎಂದರು. ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಆರಿಸಿ ಆರಿಸಿ ಕೆಲಸ ಅಳಿಸುತ್ತದೆಯೇ? ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಹೊಸದಾಗಿ ಕೂಡಿಸಿದೆ.

ವಿಭಾಗದಲ್ಲಿ ನನಗೆ ಕಡುಬೇಸರದಲ್ಲೂ ಮಾತಾಡಲು ಇದ್ದವರೆಂದರೆ ದತ್ತೂಕಾಕಾ ಒಬ್ಬರೇ. ಮಾಧವನಗರದವರು. ಮೊದಲು ಅಲ್ಲಿಯ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ಮಿಲ್ಲು ಬಾಗಿಲು ಹಾಕಿದ ಮೇಲೆ ಯಾರದೋ ವಶೀಲಿಯಿಂದ ಇಲ್ಲಿ ಬಂದು, ಸರ್ವರ್ ಕೋಣೆ ನೋಡಿಕೊಳ್ಳುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಮಿಲ್ಲಿನಲ್ಲಿ ಕನ್ನಡದ ಕೂಲಿಕಾರರ ಜೊತೆ ದುಡಿದದ್ದರಿಂದ ನನ್ನ ಜೊತೆ ಕನ್ನಡವನ್ನೇ ಆಡುತ್ತಿದ್ದರು. ನಾನು ತಲೆ ಹಿಡಿದುಕೊಂಡು ಕೂತರೆ ಚಹಾ ತಂದಿಟ್ಟು, "ಸಿಟ್ಟ ಮಾಡಬ್ಯಾಡ ಪೋರಿ, ಮಷಿನ್ ಅಂದ್ರ ಎತ್ತ ಇದ್ದಾಂಗ, ಒಮ್ಮೊಮ್ಮೆ ಹಟಾ ಮಾಡತೈತಿ" ಎನ್ನುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಕೃಷ್ಣೆ ಏರಿತು. ನೀರು ನಮ್ಮ ಓಣಿಯ ಬಾಯಿಗೆ ಬಂತು, ಸೇತುವೆಯ ಮೇಲೆ ಪೊಲೀಸರು ನಿಂತು ಯಾರನ್ನೂ ಬಿಡಲಿಲ್ಲ. ಅಪ್ಪ ಎಮ್ಮೆಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋದ, ಅವ್ವ ಮತ್ತು ನಾನು ಕಾಳಿನ ಡಬ್ಬಿಗಳನ್ನು ಮಾಳಿಗೆಗೆ ಸಾಗಿಸಿದೆವು. ಆ ದಿನಗಳಲ್ಲಿ ಗೋದಾಮಿನ ನೆನಪೂ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಗಲೆಲ್ಲ ನೀರು ನೋಡುತ್ತ, ಅಲ್ಲಿ ಕೆಂಪು ಬಂದಿದೆಯೋ ಏನೋ ಎಂದು ಕುದಿಯುತ್ತಿದ್ದೆ. ನೀರು ಇಳಿದು ಮಿರಜಕ್ಕೆ ಹೋದಾಗ ದತ್ತೂಕಾಕಾ ಒಂದು ಕಾಗದದ ಪುಡಿಕೆ ಬಿಚ್ಚಿದರು. "ನಿನ್ನ ಪಾಲಿನ ಪ್ರಸಾದ ತಗದಿಟ್ಟೇನಿ." ಕೊಬ್ಬರಿ ಕಡಿಯುತ್ತಲೇ ಕಂಪ್ಯೂಟರ್ ಹಚ್ಚಿದೆ. ಜಾಬ್‌ಗಳು ಮತ್ತೆ ಹೋಗಿದ್ದವು. ಬಾಯಲ್ಲಿದ್ದ ಪ್ರಸಾದ ನುಂಗುವುದೋ ಉಗುಳುವುದೋ ತಿಳಿಯಲಿಲ್ಲ.

ಈ ಸಲ ಪುಣೆಯವನ ಮೇಲೆ ಕೂಗಾಡಿದೆ. ಅವನು ಪಾಪ, ತನ್ನ ಕಡೆಯಿಂದಲೇ ಕೈ ಹಾಕಿ ಜಾಬ್ ಕೂಡಿಸಿಕೊಟ್ಟ. ನಡುವಿನ ದಿನಗಳಲ್ಲಿ ಬಿಟ್ಟುಹೋದ ಮೆಸೇಜ್‌ಗಳು? ಅವೂ ತಾನಾಗಿ ಹೋಗುತ್ತವೆ, ಹಾಗೆ ಹೊಂದಿಸಿದ್ದೇನೆ, ಚಿಂತೆ ಬೇಡ ಎಂದ. ಎರಡೆರಡು ಸಲ ಕೇಳಿದೆ. ಎರಡೂ ಸಲ ಹೌದೆಂದ. ಅವು ಹೋಗಲಿಲ್ಲ. ಜಾಬ್ ಎದ್ದ ದಿನದಿಂದ ಮುಂದಿನವರನ್ನಷ್ಟೇ ಕರೆಯಿತು. ಹಿಂದೆ ಉಳಿದವರು ಹಿಂದೆಯೇ ಉಳಿದರು. ಇದು ನನಗೆ ಗೊತ್ತಾದದ್ದು ಪರದೆಯಿಂದಲ್ಲ.

ಭಾದ್ರಪದದ ಒಂದು ಮಧ್ಯಾಹ್ನ ಕೆಳಗಿನಿಂದ ನರ್ಸ್ ಕರೆದಳು, ಕನ್ನಡದ ಪೇಷಂಟ್ ಇದೆ, ಬಾ ಎಂದು. ಸ್ಟ್ರೆಚರಿನ ಮೇಲೆ ರೇಣುಕಾ ಮಲಗಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಹಾಗೇ ಜೋತುಬಿದ್ದಿತ್ತು. ಕಣ್ಣು ಮಾತ್ರ ನನ್ನನ್ನು ಗುರುತು ಹಿಡಿಯಿತು. ಏನೋ ಹೇಳಲು ಹೋದಳು. ಬಂದದ್ದು ಮಾತಲ್ಲ, ಬರೀ ಉಸಿರು. ಹೆಪ್ಪುಗಟ್ಟಿದ ರಕ್ತ ತಲೆಗೆ ಏರಿತ್ತು.

ಶಾಂತವ್ವ ಅಳುತ್ತಿರಲಿಲ್ಲ. ನನ್ನನ್ನು ಬೈಯಲೂ ಇಲ್ಲ. "ನೀವ ಹೇಳಿದ್ದಿರಲ್ರಿ ಅಕ್ಕಾರ, ಮೆಸೇಜ್ ಬಂದ ಮ್ಯಾಲೆ ಬರ್ರಿ ಅಂತ. ಹಾದಿ ನೋಡಿದಿವಿ" ಎಂದಳು.

ನನಗೆ ಮೈಯೆಲ್ಲ ಬೆಂಕಿ ಹತ್ತಿದಂತಾಯಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಪುಣೆಯವನ ಮೇಲೆ, ಸಾಹೇಬರ ಹುಕುಮಿನ ಮೇಲೆ, ಗೇಟಿನ ಕೋಲಿನ ಮೇಲೆ, ಕಣ್ಣಿಗೆ ಕಾಣದ ಆ ಅಡ್ಮಿನ್ ಮೇಲೆ. ಎಲ್ಲರೂ ಅಡ್ಮಿನ್ ಎಂದರೆ ಯಾರ ಕುತ್ತಿಗೆ ಹಿಡಿಯುವುದು? ಜಾಬ್‌ಗಳು ಅಳಿದ ದಿನಗಳನ್ನು ಇಂಗ್ಲಿಷ್ ತಾರೀಖು ಹಿಡಿದು ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. ಸೋಮವಾರವೇ, ತಿಂಗಳ ಕೊನೆಯೇ, ಸಂಬಳದ ದಿನವೇ? ಒಂದಕ್ಕೂ ಹೊಂದಲಿಲ್ಲ. ಹಳೆಯ ಲಾಗ್ ತೆಗೆದರೆ ನಾನು ಬರುವ ಮುಂಚಿನಿಂದಲೂ ಹೀಗೆಯೇ ನಡೆದಿತ್ತು. ಆಗ ಬರೀ ಸಾಹೇಬರ ವರದಿಗಳು ನಿಲ್ಲುತ್ತಿದ್ದವು, ಪುಣೆಯವರು ಯಾವಾಗಲೋ ಮತ್ತೆ ಕೂಡಿಸುತ್ತಿದ್ದರು, ಅವನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಆಮೇಲೆ ನನ್ನ ಜಾಬ್ ಹುಟ್ಟಿದಾಗ ಪುಣೆಯವರು ಅದನ್ನು ಬೇರೆ ಯಂತ್ರದಲ್ಲಿ ಪರೀಕ್ಷೆಗೆಂದು ಇಟ್ಟಿದ್ದರು. ಆಷಾಢದಲ್ಲಿ ನಮ್ಮ ಯಂತ್ರಕ್ಕೆ ತಂದರು. ಅಲ್ಲಿಂದ ಶುರು ನನ್ನ ಶನಿ.

ಮಹಾಲಯದ ದಿನ. ನಾವು ಜೈನರು, ಪಿತೃಪಕ್ಷ ಗಿತೃಪಕ್ಷ ನಮಗಿಲ್ಲ. ವಿಭಾಗದಲ್ಲಿ ಮಂದಿ ಕಡಿಮೆ ಇರುತ್ತಾರೆ, ಗದ್ದಲವಿಲ್ಲದೆ ಹುಡುಕಬಹುದು ಎಂದು ಮುಂಜಾನೆ ಮೊದಲ ಬಸ್ಸಿಗೇ ಬಂದೆ. ಸರ್ವರ್ ಕೋಣೆಯ ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ನೀರು ಚಿಮುಕಿಸಿತ್ತು. ಒಳಗೆ ಪ್ರತಿಯೊಂದು ಕಪಾಟಿಗೂ ಅರಿಶಿನ ಕುಂಕುಮ, ಬಾಗಿಲ ಹಿಡಿಕೆಗಳಿಗೆ ಎಣ್ಣೆಯ ಕೈ, ಮೂಲೆಯಲ್ಲಿ ಒಡೆದ ಕಾಯಿ. ದತ್ತೂಕಾಕಾ ಚಪ್ಪಲಿ ಹೊರಗೆ ಬಿಟ್ಟು, ಸ್ನಾನ ಮಾಡಿದ ಒದ್ದೆ ತಲೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಜಾಬ್‌ಗಳ ಸಾಲು. ಒಂದೊಂದನ್ನೇ ಒತ್ತಿ ಅಳಿಸುತ್ತಿದ್ದರು.

"ಕಾಕಾ! ಏನ ಮಾಡಾಕತ್ತೀರಿ?"

"ಅಮಾಸಿ ಅಲ್ಲೇನ ಪೋರಿ? ಸಾಫಸಫಾಯಿ." ಅವರು ನನ್ನತ್ತ ತಿರುಗಿ ನಕ್ಕರು. "ಇವು ನೋಡ. ಒಂದೂ ಕೆಲಸಾ ಮಾಡೂದಿಲ್ಲ, ಸುಮ್ಮ ವೇಟಿಂಗ್ ವೇಟಿಂಗ್ ಅಂತ ನಿಂತಾವ. ಹಳೇದು ಸಿಕ್ಕೊಂಡ್ರ ಮಷಿನ್ ಜಾಮ್ ಆಗತೈತಿ. ಮಿಲ್ನ್ಯಾಗ ಅಮಾಸಿಗೊಮ್ಮೆ ಮಗ್ಗಕ್ಕ ಸಿಕ್ಕೊಂಡ ನೂಲಾ ಕತ್ತರಿಸಿ ಒಗದು, ಎಣ್ಣಿ ಬಿಟ್ಟು, ಕಾಯಿ ಒಡದು, ಮರುದಿನ ಹೊಸಾದು ಹಚ್ಚತಿದ್ದಿವಿ. ಅದಕ್ಕ ನೋಡ, ನಮ್ಮ ಮಗ್ಗ ಎಂದೂ ಕೆಟ್ಟಿಲ್ಲ."

ನಾನು ಹೊಸ್ತಿಲ ಮೇಲೇ ನಿಂತು ಪರದೆಯ ಸಾಲುಗಳನ್ನು ಓದಿದೆ. ವೇಟಿಂಗ್ ಎಂದರೆ ತಮ್ಮ ಸರದಿಗೆ ಕಾಯುತ್ತಿರುವ ಕೆಲಸಗಳು. ನಾಳೆ ಏಳಬೇಕಾದವು. ಮುಗಿದು ಸತ್ತವನ್ನು ಬಿಟ್ಟು ಜೀವ ಇದ್ದವನ್ನೇ ಇವರು ತಿಂಗಳು ತಿಂಗಳೂ ಭಕ್ತಿಯಿಂದ ಗುಡಿಸಿ ಹಾಕುತ್ತಿದ್ದರು. ಆ ಭಕ್ತಿಯ ಕೊಬ್ಬರಿಯನ್ನು ನಾನೂ ಕಟಕಟ ಕಡಿದು ತಿಂದಿದ್ದೆ!

"ಯಾರ್ರೀ ನಿಮಗ ಇದನ್ನ ಮಾಡಾಕ ಹೇಳಿದವರು?" ನನ್ನ ದನಿ ಕಾರಿಡಾರಿನ ತುದಿಗೆ ಮುಟ್ಟಿರಬೇಕು. "ಕೆಳಗ ಆ ಹುಡಿಗಿ ಬಿದ್ದಾಳ, ರೇಣುಕಾ. ಮಾತ ನಿಂತೈತಿ, ಕೈ ಹೋಗೈತಿ. ಆಕೀನ ಕರಿಯೂ ಜಾಬ್ ಇದರಾಗ ಇತ್ತು. ನೀವ ಅಳಿಸಿದ್ರಿ ಕಾಕಾ, ನೀವ!"

ಅವರು ಮೌಸ್ ಬಿಟ್ಟರು. ಪರದೆ ನೋಡಿದರು, ನನ್ನನ್ನು ನೋಡಿದರು. "ನಾ ಕದ್ದು ಮಾಡಿದ್ದಲ್ಲ ಪೋರಿ. ಎಲ್ಲಾರ ಮುಂದ ಮಾಡೇನಿ. ಇಷ್ಟ ವರ್ಷದಾಗ ಯಾರೂ ಬ್ಯಾಡ ಅನ್ನಲಿಲ್ಲ, ಇದು ಏನಂತ ಯಾರೂ ಹೇಳಿ ಕೊಡಲಿಲ್ಲ. ಎಲ್ಲಾರೂ ಪ್ರಸಾದ ತಿಂದ್ರಿ." ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳಿನ ಕುಂಕುಮ ಹಣೆಗೆಲ್ಲ ಹತ್ತಿತು. ಸಿಟ್ಟು ಇದ್ದೂ ಸಿಟ್ಟು ಮಾಡಲಾಗದವರ ಪಾಡು ಯಾರಿಗೂ ಬೇಡ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಪೆನ್ನು ತಿರುಗಿಸಿ, ವರದಿಯಲ್ಲಿ ಅಮಾವಾಸ್ಯೆ ಎಂದು ಬರೆಯಬೇಡ, ಆಸ್ಪತ್ರೆ ನಡೆಸುವ ಟ್ರಸ್ಟಿನವರು ನಗುತ್ತಾರೆ, ತಾಂತ್ರಿಕ ತೊಂದರೆ ಎಂದು ಬರೆ ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ ನಾವೂ ಹಾಕಿದೆವು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಆಯಿತು. ಅಳಿಸುವ ಅಧಿಕಾರವನ್ನು ಎಲ್ಲರಿಂದ ತೆಗೆದೆ. ಜಾಬ್ ಒಂದು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೂ ಕೆಂಪು ತೋರಿಸುವಂತೆ ಪುಣೆಯವನ ಬೆನ್ನು ಹತ್ತಿ ಮಾಡಿಸಿದೆ. ಬಿಟ್ಟುಹೋದ ದಿನಗಳ ರೋಗಿಗಳನ್ನೆಲ್ಲ ಫೋನ್ ಮಾಡಿ ಕರೆಸಿದೆ, ಉಳಿದವರು ದೇವರ ದಯದಿಂದ ನೆಟ್ಟಗಿದ್ದರು. ಗೇಟಿನ ಕೋಲು ತೆಗೆಸಲು ಮಾತ್ರ ಸಾಹೇಬರೊಡನೆ ದೀಪಾವಳಿಯ ತನಕ ಕಿತ್ತಾಡಬೇಕಾಯಿತು. ದತ್ತೂಕಾಕಾ ಅಮಾವಾಸ್ಯೆಗೆ ಕಾಯಿ ಒಡೆಯುವುದನ್ನು ಬಿಡಲಿಲ್ಲ, ಆದರೆ ಕಂಪ್ಯೂಟರಿನ ಮುಂದೆ ಕೂಡುವುದನ್ನು ಬಿಟ್ಟರು. ರೇಣುಕಾ ಇರುವ ತನಕ ದಿನಾ ಮಧ್ಯಾಹ್ನ ವಾರ್ಡಿಗೆ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ.

ದಸರೆಯ ಹೊತ್ತಿಗೆ ಅವಳನ್ನು ಮನೆಗೆ ಕಳಿಸಿದರು. ಹಿಡಿದುಕೊಂಡರೆ ನಡೆಯುತ್ತಿದ್ದಳು. ಹೇಳಿದ್ದು ತಿಳಿಯುತ್ತಿತ್ತು, ಅವ್ವ ಎಂಬೊಂದು ಮಾತು ಬರುತ್ತಿತ್ತು. ಉಳಿದದ್ದು ನಿಧಾನವಾಗಿ ಬರಬಹುದು ಎಂದರು ಡಾಕ್ಟರು.

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಒಂದು ಮುಂಜಾನೆ ಪರದೆ ನೋಡಿದರೆ ಎಲ್ಲ ಹಸಿರು, ಒಂದೂ ಅಳಿದಿಲ್ಲ. ಹೆಮ್ಮೆಯಿಂದ ಕವಾಟದ ರೋಗಿಗಳ ಹೆಸರು ತೆರೆದೆ. ರೇಣುಕಾಳ ಮೆಸೇಜ್ ಹೋಗಿದೆ, ಫೋನಿಗೆ ತಲುಪಿದೆ ಎಂದೂ ಇತ್ತು. ಅವಳು ಮಾತ್ರ ಬಂದಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಏನು ಮಂದಿಯೋ ಎಂದುಕೊಳ್ಳುತ್ತಲೇ ಫೋನ್ ಎತ್ತಿದೆ.

"ಮಾವಶಿ, ಮೆಸೇಜ್ ಬಂದೈತ್ಯೋ ಇಲ್ಲೋ?"

"ಬಂದಿರಬೇಕ್ರಿ. ಮೊನ್ನಿ ಟಣ್ ಅಂತು ಫೋನ್."

"ಮತ್ತ್ಯಾಕ ಬರಲಿಲ್ಲ? ನಾವಿಲ್ಲಿ ಇದಕ್ಕಂತ ಇಷ್ಟ ಬಡಕೊಳ್ಳತೇವಿ, ನೀವು ಆರಾಮ ಕುಂತೀರಿ! ಆದದ್ದು ಸಾಲಲಿಲ್ಲೇನು?"

ಆಚೆ ದೂರದಲ್ಲಿ ಎಲ್ಲೋ ಕಬ್ಬಿನ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

"ಓದಾಕಿ ಅಕೀನ ಇದ್ದಳ್ರಿ ಅಕ್ಕಾರ" ಎಂದಳು ಶಾಂತವ್ವ. "ನನಗೆಲ್ಲಿ ಅಕ್ಷರ ಬರತಾವ? ಪ್ರತಿ ಸಲಾ ಅಕೀನ ಓದಿ ಹೇಳತಿದ್ದಳು. ಮೊನ್ನೇನೂ ಅಕೀ ಮುಂದ ಹಿಡದೆ. ಬಹಳ ಹೊತ್ತ ನೋಡಿದಳು. ಒಂದಕ್ಷರಾ ಗುರತ ಹತ್ತವಲ್ದು ಅಕೀಗಿ. ಆಮ್ಯಾಲ ಫೋನ್ ಬೋರಲ ಹಾಕಿ ಅಳಾಕ ಹತ್ತಿದಳು. ಮತ್ತ ಮಂದಿ ಕಡೆ ಓದಸಾಕ ಹೋಗಬ್ಯಾಡ ಅನ್ನೂವಂಗ ಕೈ ಹಿಡದ ಕುಂತಳು. ನಾ ಹೋಗಲಿಲ್ಲ."

ಆ ಕನ್ನಡದ ಸಾಲು ನಾನೇ ಬರೆದದ್ದು.

"ತಡ್ರಿ," ಎಂದಳು ಶಾಂತವ್ವ, "ಅಕೀಗೇ ಹೇಳ್ರಿ. ಕೇಳಿದ್ರ ತಿಳೀತೈತಿ."

ಫೋನ್ ಕೈಬದಲಾಯಿತು. ಉಸಿರು ಕೇಳಿಸಿತು.

"ರೇಣುಕಾ, ನಾ ಸಾಂಗ್ಲಿವಾಡಿ ಅಕ್ಕ. ಸೋಮವಾರ ಬರಬೇಕು ನೋಡು. ಸೋಮವಾರ."

"ಸೋ..." ಎಂದಳು. ನಿಂತಳು. ಮತ್ತೆ "ಸೋ..." ಎಂದಳು.

ಬಾಗಿಲಲ್ಲಿ 'ಸಾಹೇಬರು ಮೀಟಿಂಗಿಗೆ ಕರೀತಾರೆ' ಎಂದು ಯಾರೋ ಅವಸರ ಮಾಡಿದರು. ಹೋಗು ಎಂದು ಕೈ ಬೀಸಿದೆ.

"ಹ್ಞಾ, ಸೋಮವಾರ. ಅನ್ನವ್ವಾ, ಅನ್ನು" ಎಂದು ಫೋನನ್ನು ಕಿವಿಗೊತ್ತಿ ಹಿಡಿದುಕೊಂಡು ಕೂತೆ.